ಗಾಫ್ ಮತ್ತು ನಮ್ಮ ಹೊಲದ ಬನ್ನಿ ಗಿಡ

ದುಬೈ ಅಂದರೆ ನಮ್ಮ ಕಾಲೇಜಿನಲ್ಲಿ ಯಾರಿಗೂ ಹೊಸ ಊರಲ್ಲ. ನಮ್ಮಲ್ಲಿ ಹಲವರ ಮನೆಯಿಂದ ಒಬ್ಬರಾದರೂ ಕೊಲ್ಲಿ ದೇಶಕ್ಕೆ ಹೋಗಿದ್ದಾರೆ. ಅಬ್ಬಾ, ಮಾಮು, ಚಾಚಾ, ಇಲ್ಲವೇ ಅಣ್ಣ. ರಜೆಗೆ ಬರುವಾಗ ಅವರು ಖರ್ಜೂರ, ಅತ್ತರು, ದಪ್ಪ ಕಂಬಳಿ, ಹಾಲಿನ ಪುಡಿಯ ಡಬ್ಬಿ ತರುತ್ತಾರೆ. ಫೋನಿನಲ್ಲಿ ಕಳಿಸುವ ಫೋಟೋಗಳೂ ಹೆಚ್ಚುಕಡಿಮೆ ಒಂದೇ ತರಹ: ಬುರ್ಜ್ ಖಲೀಫಾದ ಮುಂದೆ ನಿಂತದ್ದು, ದೊಡ್ಡ ಮಾಲ್‌ನಲ್ಲಿ ಮೀನಿನ ಗಾಜಿನ ಮುಂದೆ ನಿಂತದ್ದು. ನನ್ನ ಚಾಚಾ ಕಳಿಸುವುದು ಮರಗಳ ವಿಡಿಯೋ. ಹಿಂದೆ ಮರಳು, ಮುಂದೆ ಒಂದು ಮರ, ನಡುವೆ ಚಾಚಾನ ಏದುಸಿರು. ನಮ್ಮ ಮನೆಯಲ್ಲಿ ಮೊದಮೊದಲು ಅದನ್ನು ಯಾರೂ ಪೂರ್ತಿ ನೋಡುತ್ತಿರಲಿಲ್ಲ.

ಚಾಚಾ ಅಲ್ಲಿಗೆ ಹೋಗಿ 14 ವರ್ಷವಾಯಿತು. ಮೊದಲು ಕಟ್ಟಡದ ಕೆಲಸ, ಆಮೇಲೆ ಕಾರ್ಮಿಕರ ಬಸ್ಸಿನ ಡ್ರೈವರ್. ಈಗ ಪ್ರವಾಸಿಗರನ್ನು ಮರುಭೂಮಿಗೆ ಕರೆದೊಯ್ಯುವ ಗಾಡಿ ಓಡಿಸುತ್ತಾರೆ. ಅವರು ಹೋಗುವ ಜಾಗದ ಹೆಸರು ದುಬೈ ಡೆಸರ್ಟ್ ಕನ್ಸರ್ವೇಶನ್ ರಿಸರ್ವ್, ಅಂದರೆ ದುಬೈ ಮರುಭೂಮಿ ಸಂರಕ್ಷಣಾ ಮೀಸಲು. 2003ರಲ್ಲಿ ಆದದ್ದು. ವಿಸ್ತಾರ 225 ಚದರ ಕಿಲೋಮೀಟರ್. ಇಡೀ ದುಬೈ ಎಮಿರೇಟಿನ ನೆಲದಲ್ಲಿ ಸುಮಾರು ಶೇಕಡಾ 5. ಸುತ್ತ ಬೇಲಿ ಇದೆ. ಅನುಮತಿ ಪಡೆದ ಕೆಲವೇ ಪ್ರವಾಸಿ ಕಂಪನಿಗಳ ಗಾಡಿಗಳಿಗೆ ಒಳಗೆ ಪ್ರವೇಶ. ಒಳಗೆ ಹೋದ ಮೇಲೂ ಎಲ್ಲೆಂದರಲ್ಲಿ ಮರಳು ದಿಬ್ಬ ಹತ್ತಿಸುವಂತಿಲ್ಲ, ಗೊತ್ತುಮಾಡಿದ ದಾರಿಯಲ್ಲೇ ಹೋಗಬೇಕು. ಮರುಭೂಮಿ ಅಂದರೆ ಖಾಲಿ ಜಾಗ, ಅಲ್ಲಿ ಕಾಯಲು ಏನಿದೆ ಎಂದು ನಾನು ಕೇಳಿದ್ದೆ. ಚಾಚಾ ಆ ದಿನ ಕಳಿಸಿದ ವಿಡಿಯೋದಲ್ಲಿ ಬಿಳಿ ಮೈಯ, ಉದ್ದ ನೇರ ಕೊಂಬಿನ ಎರಡು ಪ್ರಾಣಿಗಳು ಒಂದು ಮರದ ನೆರಳಿನಲ್ಲಿ ಅಲುಗಾಡದೆ ನಿಂತಿದ್ದವು. ಅವು ಅರೇಬಿಯನ್ ಓರಿಕ್ಸ್. 1972ರಲ್ಲಿ ಕಾಡಿನಲ್ಲಿ ಕೊನೆಯದೂ ಹೋಯಿತು ಎನ್ನಲಾದ ಈ ಪ್ರಾಣಿಯನ್ನು ಮೃಗಾಲಯಗಳಲ್ಲಿ ಸಾಕಿ, ಸಂಖ್ಯೆ ಹೆಚ್ಚಿಸಿ ಮತ್ತೆ ಮರಳಿಗೆ ಬಿಟ್ಟದ್ದು. ಪ್ರವಾಸಿಗರೆಲ್ಲ ಅದನ್ನು ನೋಡಲು ಬರುತ್ತಾರೆ. ಆದರೆ ಆ ವಿಡಿಯೋ ನೋಡಿದಾಗ ಅಬ್ಬಾ ಪ್ರಾಣಿಯನ್ನು ನೋಡಲಿಲ್ಲ. ಫೋನನ್ನು ಕಣ್ಣಿಗೆ ಹತ್ತಿರ ಹಿಡಿದು, "ಇದು ನಮ್ಮ ಬನ್ನಿ ಗಿಡ ಅಲ್ಲ ಏನು?" ಅಂದರು.

(ಮನೆಯಲ್ಲಿ ನಾವು ಮಾತಾಡುವುದು ದಖನಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಹಾಗೆಯೇ ನಮ್ಮ ಕಡೆ ಎಷ್ಟು ದೊಡ್ಡ ಮರವಾದರೂ ಅದು ಗಿಡವೇ. ದಕ್ಷಿಣದ ಕಡೆಯ ಗೆಳತಿಯರು ಇದಕ್ಕೆ ನಗುತ್ತಾರೆ, ನಗಲಿ.)

ಚಾಚಾ ಹೇಳಿದ ಹೆಸರು ಗಾಫ್. ಅಲ್ಲಿಯವರು ಅದನ್ನು ಹಾಗೆ ಕರೆಯುತ್ತಾರೆ. ಸಂಯುಕ್ತ ಅರಬ್ ಎಮಿರೇಟ್ಸ್ 2008ರಲ್ಲಿ ಇದನ್ನು ತನ್ನ ರಾಷ್ಟ್ರೀಯ ಮರವೆಂದು ಸಾರಿತು. 2019ನ್ನು ಆ ದೇಶ ಸಹಿಷ್ಣುತೆಯ ವರ್ಷ ಎಂದು ಆಚರಿಸಿದಾಗ ಅದರ ಲಾಂಛನವೂ ಗಾಫ್ ಮರವೇ. ದುಬೈಯ ನಜ್ವಾ ಕಡೆ ಗಾಫ್ ಮರಗಳಿಗೆಂದೇ ಬೇರೆ ಒಂದು ಸಣ್ಣ ಮೀಸಲು ಕೂಡ ಇದೆ. ಅಂಥ ಮರ ಡೋಣಿ ನದಿಯ ಬಯಲಿನ ನಮ್ಮ ಎರೆ ಹೊಲದ ಬದುವಿನ ಮೇಲೆ ಇರುವುದು ನಿಜವೇ ಎಂದು ನನಗೆ ಅನುಮಾನ. ಎಲೆ ಸಣ್ಣದಾಗಿರುವ ಮುಳ್ಳಿನ ಗಿಡಗಳೆಲ್ಲ ದೂರದಿಂದ ಒಂದೇ ತರಹ ಕಾಣುತ್ತವೆ.

ಬೇಸಿಗೆ ರಜೆ ಮುಗಿಸಿ ಬರುವಾಗ ನಮ್ಮ ಗಿಡದ ಒಂದು ರೆಂಬೆ, ಒಣಗಿದ ಕಾಯಿ ನಾಲ್ಕು ಪೇಪರಿನಲ್ಲಿ ಸುತ್ತಿ ತಂದೆ. ಜೊತೆಗೆ ಊರ ಮುಂದಿನ ಬನ್ನಿ ಕಟ್ಟೆಯ ಗಿಡದ ರೆಂಬೆಯನ್ನೂ ತಂದೆ. ಅದು ದಸರಾದಲ್ಲಿ ಊರವರು ಪೂಜೆ ಮಾಡುವ ಗಿಡ. ನಮ್ಮ ಜೀವಶಾಸ್ತ್ರದ ಮೇಡಂ ಎರಡನ್ನೂ ಲ್ಯಾಬಿನ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟು ಮೊದಲು ಏನೂ ಹೇಳಲಿಲ್ಲ. "ನೀವೇ ನೋಡಿ, ಎಷ್ಟು ವ್ಯತ್ಯಾಸ ಸಿಗುತ್ತೆ ಬರೆಯಿರಿ" ಅಂದರು. ನಾವು ಐದು ಮಂದಿ ಕೂತು ನೋಡಿದೆವು. ನಮ್ಮ ಹೊಲದ ಗಿಡದ ಮುಳ್ಳು ನೇರವಾಗಿದೆ, ಶಂಕುವಿನ ಹಾಗೆ ಬುಡ ಅಗಲ, ತುದಿ ಚೂಪು. ಎಲೆ ಹುಟ್ಟುವ ಗೆಣ್ಣಿನ ಮೇಲೆ ಅಲ್ಲ, ಗೆಣ್ಣುಗಳ ನಡುವೆ ಅಲ್ಲೊಂದು ಇಲ್ಲೊಂದು. ಕಟ್ಟೆಯ ಗಿಡದ ಮುಳ್ಳು ಕೊಕ್ಕೆಯಂತೆ ಬಾಗಿದೆ. ನಮ್ಮದರ ಕಾಯಿ ಪೆನ್ಸಿಲಿಗಿಂತ ತೆಳು, ದುಂಡಗೆ, ನಡುನಡುವೆ ಕಾಳಿನ ಉಬ್ಬು. ಅದರದ್ದು ಚಪ್ಪಟೆ, ಕಂದು. ನಮ್ಮದರ ಎಲೆಯಲ್ಲಿ ಉಪಕಡ್ಡಿಗಳು ಎರಡು ಜೊತೆ, ಅದರಲ್ಲಿ ನಾಲ್ಕೈದು ಜೊತೆ.

ಎರಡೂ ಬನ್ನಿಯೇ, ಆದರೆ ಬೇರೆ ಬೇರೆ ಮರ ಎಂದರು ಮೇಡಂ. ಕರ್ನಾಟಕದಲ್ಲಿ ಬನ್ನಿ ಎಂಬ ಒಂದೇ ಹೆಸರು ಎರಡು ಮರಗಳಿಗೆ ಇದೆ. ಕಟ್ಟೆಯದು ಅಕೇಸಿಯಾ ಫೆರುಜಿನಿಯಾ. ಹೊಲದ್ದು ಪ್ರೊಸೊಪಿಸ್ ಸಿನೆರೇರಿಯಾ. ಮೊದಲನೆಯ ಹೆಸರಿನ ಅರ್ಥ ತುಕ್ಕಿನ ಬಣ್ಣದ್ದು, ಎರಡನೆಯದರ ಅರ್ಥ ಬೂದಿ ಬಣ್ಣದ್ದು. ಶಮಿ ಎಂದು ಸಂಸ್ಕೃತದಲ್ಲಿ, ಖೇಜಡಿ ಎಂದು ರಾಜಸ್ಥಾನದಲ್ಲಿ, ಗಾಫ್ ಎಂದು ಅರಬ್ ನಾಡಿನಲ್ಲಿ ಕರೆಯುವುದು ಈ ಬೂದಿ ಬಣ್ಣದ್ದನ್ನೇ. ಅಬ್ಬಾ ಹೇಳಿದ್ದು ಸರಿ. ಶಾಲೆ ಏಳನೆಯದಕ್ಕೆ ಬಿಟ್ಟವರು, ಐದು ಇಂಚಿನ ಪರದೆಯಲ್ಲಿ, ಅದೂ ಪ್ರಾಣಿಯ ಹಿಂದೆ ಅರ್ಧ ಕಾಣುತ್ತಿದ್ದ ಮರವನ್ನು ಗುರುತಿಸಿದ್ದರು. ಹೇಗೆ ಗೊತ್ತಾಯಿತು ಎಂದು ಫೋನಿನಲ್ಲಿ ಕೇಳಿದರೆ, "ಅದರ ನೆರಳಿನ ಬಣ್ಣ" ಅಂದರು. ಅದಕ್ಕೆ ಯಾವ ಪಠ್ಯಪುಸ್ತಕದಲ್ಲೂ ವಿವರಣೆ ಸಿಗಲಿಲ್ಲ.

ಅಲ್ಲಿಂದ ಮುಂದೆ ಚಾಚಾನ ವಿಡಿಯೋಗಳನ್ನು ನಾನು ಬಿಡದೆ ನೋಡತೊಡಗಿದೆ. ಸಿಕ್ಕಲ್ಲೆಲ್ಲ ಗಾಫ್ ಬಗ್ಗೆ ಓದಿದೆ.

ದುಬೈಯಲ್ಲಿ ವರ್ಷವಿಡೀ ಬೀಳುವ ಮಳೆ ಸರಾಸರಿ 100 ಮಿಲಿಮೀಟರ್ ಮುಟ್ಟುವುದಿಲ್ಲ. ಬರದ ಜಿಲ್ಲೆ ಎಂದು ನಾವು ಗೋಳಾಡುವ ವಿಜಯಪುರದಲ್ಲಿ ಅದರ ಐದಾರು ಪಟ್ಟು ಬೀಳುತ್ತದೆ. ಬೇಸಿಗೆಯಲ್ಲಿ ಬಿಸಿಲು 45 ಡಿಗ್ರಿ ದಾಟುತ್ತದೆ. ಅಲ್ಲಿ ಗಾಫ್ ಹಸಿರಾಗಿರುವುದಕ್ಕೆ ಕಾರಣ ಮೇಲೆ ಇಲ್ಲ, ಕೆಳಗಿದೆ. ಅದರ ತಾಯಿಬೇರು ನೀರು ಹುಡುಕುತ್ತ 30 ಮೀಟರಿಗೂ ಹೆಚ್ಚು ಇಳಿಯುತ್ತದೆ. ನಮ್ಮ ಕಾಲೇಜಿನ ಕಟ್ಟಡದ ಮೇಲೆ ಇನ್ನೊಂದು, ಅದರ ಮೇಲೆ ಮತ್ತೊಂದು ಇಟ್ಟರೂ ಅಷ್ಟು ಎತ್ತರ ಆಗಲಿಕ್ಕಿಲ್ಲ. ಮಳೆಯನ್ನು ನಂಬಿದ ಮರವಲ್ಲ ಇದು, ಬಾವಿಯನ್ನು ನಂಬಿದ ಮರ. ಆ ಬಾವಿಯನ್ನೂ ತಾನೇ ತೋಡಿಕೊಂಡದ್ದು. ಬಹರೇನ್ ದೇಶದ ಮರುಭೂಮಿಯ ನಡುವೆ ಸುತ್ತಮುತ್ತ ಬೇರೆ ಮರವೇ ಇಲ್ಲದ ಕಡೆ ಒಂದೇ ಒಂದು ಗಾಫ್ ಸುಮಾರು 400 ವರ್ಷದಿಂದ ನಿಂತಿದೆ. ಶಜರತುಲ್ ಹಯಾತ್, ಜೀವವೃಕ್ಷ, ಎಂದು ಅದನ್ನು ಕರೆಯುತ್ತಾರೆ. ನೋಡಲು ವರ್ಷವೂ ಸಾವಿರಾರು ಜನ ಹೋಗುತ್ತಾರೆ, ಕೆಲವರು ಅದರ ಮೈಮೇಲೆ ತಮ್ಮ ಹೆಸರು ಕೆತ್ತಿಯೂ ಬರುತ್ತಾರೆ.

ಇದು ದ್ವಿದಳ ಧಾನ್ಯದ ಕುಟುಂಬದ ಮರ, ತೊಗರಿ ಕಡಲೆಗಳ ದೂರದ ನೆಂಟ. ಬೇರಿನ ಗಂಟುಗಳಲ್ಲಿರುವ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಹಿಡಿದು ಮಣ್ಣಿಗೆ ಕೊಡುತ್ತವೆ. ಬೇರು ಆಳದಲ್ಲಿ ನೀರು ಕುಡಿಯುವುದರಿಂದ ಮೇಲಿನ ಬೆಳೆಯ ಜೊತೆ ಅಷ್ಟಾಗಿ ಜಗಳವಿಲ್ಲ. ರಾಜಸ್ಥಾನದ ರೈತರು ಹೊಲದ ನಡುವೆಯೇ ಇದನ್ನು ಬಿಟ್ಟು ಅದರ ಕೆಳಗೆ ಸಜ್ಜೆ ಬೆಳೆಯುತ್ತಾರೆ, ಎಲೆಯನ್ನು ಮೇವಿಗೆ ಸವರುತ್ತಾರೆ, ಎಳೆ ಕಾಯಿಯನ್ನು ಸಾಂಗರಿ ಎಂದು ಒಣಗಿಸಿ ಪಲ್ಯ ಮಾಡುತ್ತಾರೆ. ಅರಬರ ಕಡೆ ಒಂಟೆ ಆಡುಗಳಿಗೆ ಇದೇ ಮೇವು. ಎಳೆ ಎಲೆಯನ್ನು ಮನುಷ್ಯರೂ ತಿನ್ನುತ್ತಿದ್ದರು. ಊರಿನ ಹಿರಿಯರು ಕೂತು ಮಾತಾಡುವ ಜಾಗ ಇದರ ನೆರಳು. ಗಾಫ್ ಇದ್ದಲ್ಲಿ ಕೆಳಗೆ ನೀರಿದೆ ಎಂದು ಬದೂಗಳಿಗೆ ಗೊತ್ತಿತ್ತು.

ಹಾಗಾದರೆ ಇಷ್ಟು ಗಟ್ಟಿ ಮರಕ್ಕೆ ಬೇಲಿ ಏಕೆ ಬೇಕಾಯಿತು? ನನಗೆ ಹೆಚ್ಚು ಯೋಚನೆಗೆ ಹಚ್ಚಿದ್ದು ಈ ಪ್ರಶ್ನೆ.

ಎದ್ದು ಕಾಣುವ ಕಾರಣ ರಸ್ತೆ, ಕಟ್ಟಡ, ಮರಳಿನಲ್ಲಿ ಮನಬಂದಂತೆ ಓಡುವ ಗಾಡಿಗಳು. ಅದನ್ನು ತಡೆಯಲು ಕಾನೂನು ಬಂತು. ಕಣ್ಣಿಗೆ ಕಾಣದ ಕಾರಣ ಬೇರೆ: ತೋಟಗಳಿಗೆ, ಊರುಗಳಿಗೆ ಪಂಪು ಹಾಕಿ ಎತ್ತಿದ್ದರಿಂದ ಅಂತರ್ಜಲ ವರ್ಷವರ್ಷಕ್ಕೂ ಕೆಳಗೆ ಸರಿಯಿತು. ಹಳೆಯ ಮರದ ಬೇರು ಅಲ್ಲಿಯವರೆಗೆ ಹೇಗೋ ಮುಟ್ಟುತ್ತದೆ. ಈಗ ಮೊಳೆತ ಸಸಿಯ ಬೇರು ಮುಟ್ಟಬೇಕಾದರೆ ಅದು ಎಷ್ಟು ವರ್ಷ ಬದುಕಿರಬೇಕು! ಅಷ್ಟರೊಳಗೆ ಅದನ್ನು ಒಂಟೆ ತಿಂದಿರುತ್ತದೆ. ಹಿಂದೆ ಒಂಟೆಗಳು ಮೇವಿಗಾಗಿ ಊರೂರು ಅಲೆಯುತ್ತಿದ್ದವು, ತಿಂದ ಜಾಗಕ್ಕೆ ಮರಳಿ ಬರಲು ತಿಂಗಳುಗಳೇ ಹಿಡಿಯುತ್ತಿತ್ತು, ಅಷ್ಟರಲ್ಲಿ ಗಿಡ ಚಿಗುರುತ್ತಿತ್ತು. ಈಗ ಒಂದೇ ಕಡೆ ದೊಡ್ಡಿ, ಒಂದೇ ಕಡೆ ಮೇಯುವುದು. ಚಾಚಾ ಒಮ್ಮೆ ಬೇಲಿಯ ಹೊರಗಿನ ಗಾಫ್‌ಗಳನ್ನು ತೋರಿಸಿದರು. ಎಲ್ಲವೂ ಕೊಡೆಯ ಆಕಾರ, ಕೆಳಗಿನ ಅಂಚು ಸ್ಕೇಲ್ ಇಟ್ಟು ಕತ್ತರಿಸಿದಂತೆ ನೇರ. ಮಾಲಿ ಕತ್ತರಿಸಿದ್ದಾನೆಂದು ನಾನು ತಿಳಿದೆ. ಅದು ಒಂಟೆಯ ಕತ್ತು ಎಟಕುವ ಎತ್ತರ. ಅದಕ್ಕಿಂತ ಕೆಳಗೆ ಒಂದು ಎಲೆಯೂ ಉಳಿಯುವುದಿಲ್ಲ. ನೋಡಲು ಬಹಳ ಚಂದ. ಆದರೆ ಆ ಮರಗಳ ಬುಡದಲ್ಲಿ ಮರಿ ಮರ ಒಂದೂ ಇಲ್ಲ. ಎಲ್ಲ ಅಜ್ಜಂದಿರು, ಮೊಮ್ಮಕ್ಕಳಿಲ್ಲ.

ಮೀಸಲಿನ ಒಳಗೆ ಒಂಟೆಗಳಿಗೆ ಮಿತಿ ಇದೆ. ಮೀಸಲು ಆಗುವ ಮೊದಲೇ, 1990ರ ದಶಕದ ಕೊನೆಗೆ, ಅಲ್ಲಿ ಗಾಫ್ ಮತ್ತು ಬೇರೆ ದೇಸಿ ಮರಗಳನ್ನು ಸಾವಿರಾರು ಸಂಖ್ಯೆಯಲ್ಲಿ ನೆಟ್ಟಿದ್ದರು. ಮೊದಲ ಕೆಲವು ವರ್ಷ ಹನಿ ನೀರು ಕೊಟ್ಟರು. ಆಮೇಲೆ ನಿಧಾನವಾಗಿ ನಿಲ್ಲಿಸಿದರು. ಮಗುವಿಗೆ ಹಾಲು ಬಿಡಿಸುವ ಹಾಗೆ ಎಂದು ಚಾಚಾ ಹೇಳಿದರು. ಅದಕ್ಕಿಂತ ಚೆನ್ನಾಗಿ ನನಗೆ ಹೇಳಲು ಬರುವುದಿಲ್ಲ. ನೀರು ಕೊಡುತ್ತಲೇ ಇದ್ದರೆ ಬೇರು ಮೇಲೆಯೇ ಉಳಿಯುತ್ತದೆ, ನಿಲ್ಲಿಸಿದರೆ ಆಳ ಹುಡುಕುತ್ತದೆ. ಆದರೂ ಎಲ್ಲ ಸುಸೂತ್ರವಲ್ಲ. ಕಾಪಾಡಿ ಬೆಳೆಸಿದ ಓರಿಕ್ಸ್ ಮತ್ತು ಜಿಂಕೆಗಳೂ ಎಲೆ ತಿನ್ನುವವೇ. ಬೇಲಿ ಹಾಕಿದ ಮೇಲೆ ಪ್ರಾಣಿಯೂ ಬೇರೆ ಕಡೆ ಹೋಗುವಂತಿಲ್ಲ, ಮರವಂತೂ ಹೋಗುವುದೇ ಇಲ್ಲ. ಅದಕ್ಕೆ ಅಲ್ಲಿ ಪ್ರಾಣಿಗಳಿಗೆ ಹೊರಗಿನಿಂದ ಮೇವು ಹಾಕುತ್ತಾರೆ. ಒಂದನ್ನು ಕಾಯುವುದು ಇನ್ನೊಂದನ್ನು ಲೆಕ್ಕ ಹಾಕದೆ ಆಗುವ ಕೆಲಸವಲ್ಲ.

ಇನ್ನೊಂದು ವೈರಿಯ ಹೆಸರು ಕೇಳಿದಾಗ ನನಗೆ ನಗು ಬಂತು. ಅಲ್ಲಿ ಅದನ್ನು ಗುವೈಫ್ ಎನ್ನುತ್ತಾರೆ. ಅರಬ್ಬಿಯಲ್ಲಿ ಅದರ ಅರ್ಥ ಪುಟ್ಟ ಗಾಫ್. ಚಾಚಾ ಅದರ ವಿಡಿಯೋ ಕಳಿಸಿ, "ಇದು ಯಾರು ಹೇಳು ಬೇಟಾ?" ಅಂದರು. ನೋಡಿದ ಕೂಡಲೇ ಗೊತ್ತಾಯಿತು. ನಮ್ಮ ಬಳ್ಳಾರಿ ಜಾಲಿ! ವಿಜಯಪುರದಿಂದ ರಾಯಚೂರಿನವರೆಗೆ ಹಳ್ಳದ ದಂಡೆ, ಗೋಮಾಳ, ಕೆರೆಯಂಗಳ ಎಲ್ಲವನ್ನೂ ನುಂಗಿದ ಗಿಡ. ಹೆಸರಿನಲ್ಲಿ ಬಳ್ಳಾರಿ ಇದ್ದರೂ ಅದು ಬಳ್ಳಾರಿಯದ್ದಲ್ಲ, ಅಮೆರಿಕ ಖಂಡದ್ದು. 19ನೇ ಶತಮಾನದ ಕೊನೆಗೆ ಸೌದೆಗಾಗಿ, ಬರಡು ನೆಲ ಹಸಿರು ಮಾಡಲೆಂದು ಭಾರತಕ್ಕೆ ತಂದರು. ಅದೇ ಉದ್ದೇಶಕ್ಕೆ ಅರಬರ ನಾಡಿನಲ್ಲೂ ನೆಟ್ಟರು. ಎರಡೂ ಕಡೆ ಅದು ಕೈಮೀರಿತು. ಅದರ ಸಿಹಿ ಕಾಯಿಯನ್ನು ದನ, ಆಡು, ಒಂಟೆ ತಿಂದು ಬೀಜವನ್ನು ದೂರದೂರಕ್ಕೆ ಹರಡುತ್ತವೆ, ಎಲೆಯನ್ನು ಮಾತ್ರ ಮುಟ್ಟುವುದಿಲ್ಲ. ಅದರ ಕೆಳಗೆ ಬೇರೆ ಸಸಿ ಏಳಲು ಬಿಡದ ರಾಸಾಯನಿಕಗಳು ಅದರ ಎಲೆಯಲ್ಲಿವೆ. ಹಿಂದೆ ಸಸ್ಯಶಾಸ್ತ್ರದಲ್ಲಿ ಇದನ್ನೂ ಗಾಫ್ ಅನ್ನೂ ಪ್ರೊಸೊಪಿಸ್ ಎಂಬ ಒಂದೇ ಕುಲದಲ್ಲಿ ಇಟ್ಟಿದ್ದರು. 2022ರಲ್ಲಿ ವಿಜ್ಞಾನಿಗಳು ಅಮೆರಿಕದ ಗುಂಪನ್ನು ಬೇರೆ ಮಾಡಿ ಅದಕ್ಕೆ ನೆಲ್ಟುಮಾ ಎಂಬ ಹೆಸರು ಕೊಟ್ಟರು. ಅಂದರೆ ಕಾಗದದ ಮೇಲೆ ಈಗ ಇವು ಸೋದರರಲ್ಲ. ನೆಲದ ಮೇಲಿನ ಜಗಳ ಮುಗಿದಿಲ್ಲ.

ಖೇಜಡ್ಲಿಯ ಕತೆ ಬಹಳ ಮಂದಿಗೆ ಗೊತ್ತಿರುತ್ತದೆ, ಚಿಕ್ಕದಾಗಿ ಹೇಳುತ್ತೇನೆ. ಜೋಧಪುರದ ಹತ್ತಿರ 1730ರಲ್ಲಿ ಅರಸನ ಆಳುಗಳು ಖೇಜಡಿ ಮರ ಕಡಿಯಲು ಬಂದಾಗ ಅಮೃತಾ ದೇವಿ ಎಂಬ ಬಿಷ್ಣೋಯಿ ಹೆಂಗಸು ಮರವನ್ನು ತಬ್ಬಿ ನಿಂತಳು. ಅವಳನ್ನೂ ಸೇರಿ 363 ಜನ ಪ್ರಾಣ ಕೊಟ್ಟರು. ಅದೇ ಮರ. ನಮ್ಮ ಬದುವಿನ ಮೇಲಿನದು.

ಇದನ್ನು ಓದಿದ ತಿಂಗಳೇ ನಮ್ಮ ಮನೆಯಲ್ಲಿ ಆ ಗಿಡ ತೆಗೆಸುವ ಮಾತು ಬಂತು.

ಅಬ್ಬಾನನ್ನು ಕೆಟ್ಟವರನ್ನಾಗಿ ಮಾಡಲು ಇದನ್ನು ಬರೆಯುತ್ತಿಲ್ಲ. ಅವರ ಲೆಕ್ಕ ಸರಿಯಾಗಿಯೇ ಇತ್ತು. ನಮಗೆ ಇರುವುದು ನಾಲ್ಕು ಎಕರೆ, ಅದೂ ಅಬ್ಬಾ ಮತ್ತು ಚಾಚಾ ಇಬ್ಬರ ಹೆಸರಿನಲ್ಲಿ. ಮೊದಲು ಜೋಳ, ಕಡಲೆ, ತೊಗರಿ. ಕಾಲುವೆ ನೀರು ಹತ್ತಿರ ಬಂದ ಮೇಲೆ ಸುತ್ತಲಿನವರೆಲ್ಲ ಕಬ್ಬು ಹಚ್ಚಿದರು. ಕಬ್ಬಿಗೆ ನೆರಳು ಆಗುವುದಿಲ್ಲ. ಟ್ರ್ಯಾಕ್ಟರ್ ತಿರುಗಲು ಆ ಬದುವೇ ಅಡ್ಡ. ಸೌದೆ ವ್ಯಾಪಾರಿಯೊಬ್ಬ ಬಂದು ಬೊಡ್ಡೆಯನ್ನು ಕೈಚಾಚಿ ಅಳೆದು ಬೆಲೆಯನ್ನೂ ಹೇಳಿ ಹೋದ. ಅಣ್ಣನ ಡಿಪ್ಲೊಮಾ ಫೀ, ನನ್ನ ಹಾಸ್ಟೆಲ್ ಫೀ ಎರಡೂ ಕಟ್ಟುವುದಿತ್ತು. ನಾನು ಖೇಜಡ್ಲಿ ಎಂದು ಶುರುಮಾಡಿದರೆ ಅಮ್ಮಿ, "363 ಮಂದಿಯ ಕತೆ ಹೇಳಬೇಡ, ಮೂರು ಸಾವಿರದ ಕತೆ ಹೇಳು" ಅಂದುಬಿಟ್ಟರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಮೀಸಲು ಪ್ರದೇಶ ಎಂಬ ಮಾತಿನ ಬಗ್ಗೆ ನನಗೆ ಆಗ ಒಂದು ಸಂಗತಿ ಹೊಳೆಯಿತು. ದುಬೈಯಂಥ ಶ್ರೀಮಂತ ಊರು 225 ಚದರ ಕಿಲೋಮೀಟರ್ ನೆಲವನ್ನು ಬೇಲಿ ಹಾಕಿ ಬಿಡಬಹುದು. ಅಲ್ಲಿ ಕಡಿದರೆ ಶಿಕ್ಷೆ ಇದೆ, ಕಾಯಲು ಸಂಬಳದ ಜನ ಇದ್ದಾರೆ, ನೋಡಲು ಬಂದವರು ದುಡ್ಡು ಕೊಟ್ಟು ಬರುತ್ತಾರೆ. ನಾಲ್ಕು ಎಕರೆಯ ಮನೆಯವರಿಗೆ ಒಂದು ಗಿಡವನ್ನು ಬಿಡುವುದೂ ಅದಕ್ಕಿಂತ ಭಾರವಾದ ಖರ್ಚು. ಸಂರಕ್ಷಣೆ ಬಗ್ಗೆ ಭಾಷಣ ಮಾಡುವವರು ಈ ಲೆಕ್ಕವನ್ನೂ ಹಾಕಬೇಕು ಎಂದು ನನಗೆ ಈಗಲೂ ಅನ್ನಿಸುತ್ತದೆ.

ಪಕ್ಕದ ಹೊಲದ ಕಾಕಾ ಒಬ್ಬರಿದ್ದಾರೆ, ಎಪ್ಪತ್ತು ದಾಟಿದವರು. ಸುದ್ದಿ ಕೇಳಿ ಸಂಜೆ ನಮ್ಮ ಮನೆಗೆ ಬಂದರು. ಅಬ್ಬಾನ ಜೊತೆ ಚಹಾ ಕುಡಿದು ಮಳೆ, ಬೀಜ, ರೇಟು ಎಲ್ಲ ಮಾತಾಡಿದರು, ಗಿಡದ ಸುದ್ದಿ ಎತ್ತಲಿಲ್ಲ. ಹೊರಗೆ ಚಪ್ಪಲಿ ಹಾಕಿಕೊಳ್ಳುವಾಗ ನನ್ನನ್ನು ನೋಡಿ, "ಯವ್ವಾ, ಆ ಬರಗಾಲದಾಗ ನಮ್ಮ ಎತ್ತು ನಿಮ್ಮ ಗಿಡದ ತೊಪ್ಪಲ ತಿಂದs ಉಳದಾವ. ನಿಮ್ಮ ದಾದಾ ತಾವs ಏರಿ ಕಡದು ಕೊಟ್ಟಿದ್ರು. ನಿಂಗ ಗೊತ್ತಿಲ್ಲ ಬಿಡು" ಅಂದರು. 1972ರ ಬರದ ಮಾತು ಅದು. ಒಳಗೆ ಕೂತಿದ್ದ ಅಬ್ಬಾನಿಗೆ ಕೇಳಿಸುವಷ್ಟು ಗಟ್ಟಿಯಾಗಿಯೇ ಹೇಳಿದರು. ಅಬ್ಬಾ ಏನೂ ಅನ್ನಲಿಲ್ಲ. ಸೌದೆ ವ್ಯಾಪಾರಿಗೆ ಮಾತ್ರ, ತಮ್ಮ ಬರಲಿ, ಕೇಳಿ ಹೇಳುತ್ತೇನೆ ಎಂದು ಫೋನ್ ಮಾಡಿದರು.

ಚಾಚಾ ಬಕ್ರೀದ್‌ಗೆ ಬಂದರು. ಬಂದ ಮೂರನೆಯ ದಿನ ಇಬ್ಬರೂ ಹೊಲಕ್ಕೆ ಹೋದರು, ನಾನೂ ಹಿಂದೆ ಹೋದೆ. ಚಾಚಾ ಗಿಡದ ಸುತ್ತ ಒಂದು ಸುತ್ತು ಹಾಕಿ ಬೊಡ್ಡೆಯ ಮೇಲೆ ಕೈಯಿಟ್ಟರು. "ಅಲ್ಲಿ ಇದನ್ನು ಮುಟ್ಟಲು ನನಗೆ ಅನುಮತಿ ಇಲ್ಲ, ಭಾಯಿ. ಗಾಡಿಯಿಂದ ಇಳಿಯುವಾಗಲೂ ನೋಡಿ ಇಳಿಯಬೇಕು" ಎಂದು ನಕ್ಕರು. ಆಮೇಲೆ ಇಬ್ಬರೂ ಬಹಳ ಹೊತ್ತು ದೂರ ನಿಂತು ಮಾತಾಡಿದರು. ನನಗೆ ಎಲ್ಲ ಕೇಳಿಸಲಿಲ್ಲ. ವರ್ಷಗಳಿಂದ ಮುಂದಕ್ಕೆ ಹಾಕುತ್ತ ಬಂದಿದ್ದ ಹಿಸ್ಸೆಯ ಮಾತು ಅಲ್ಲಿಯೇ, ಗಿಡದ ಕೆಳಗೆ, ಜಗಳವಿಲ್ಲದೆ ಮುಗಿಯಿತು. ಕಾಲುವೆಯ ಕಡೆಯ ಎರಡು ಎಕರೆ ಚಿಲ್ಲರೆ ಅಬ್ಬಾನಿಗೆ. ಗಿಡ ಇರುವ, ನೀರು ಏರದ, ಅಳತೆಯಲ್ಲೂ ಸ್ವಲ್ಪ ಕಡಿಮೆಯಾದ ಕಡೆ ಚಾಚಾನಿಗೆ. ಚಾಚಿಗೆ ಇದು ಇಷ್ಟವಾಗಲಿಲ್ಲ. ಅವರಿಗೂ ಇಬ್ಬರು ಹೆಣ್ಣುಮಕ್ಕಳಿದ್ದಾರೆ. ಎರಡು ದಿನ ನಮ್ಮ ಮನೆಗೆ ಬರಲಿಲ್ಲ. ಮೂರನೆಯ ದಿನ ಬಂದು, "ಗಿಡದ ಮೇಲೆ ಅಷ್ಟು ಪ್ರೀತಿ ಇರುವವರು 14 ವರ್ಷ ಅದರ ನೆರಳಿನಲ್ಲಿ ಕೂರಲಿಲ್ಲ" ಎಂದು ಅಮ್ಮಿಯ ಹತ್ತಿರ ಹೇಳಿ ಅತ್ತರು. ಚಾಚಾ ಅದಕ್ಕೆ ಏನು ಹೇಳಿದರೋ ಗೊತ್ತಿಲ್ಲ. ನಲವತ್ತು ದಿನ ಮುಗಿಸಿ ಮತ್ತೆ ಹೋದರು.

ಅಬ್ಬಾನ ಪಾಲಿನಲ್ಲಿ ಈಗ ಕಬ್ಬು ಇದೆ. ಚಾಚಾನ ಪಾಲನ್ನೂ ಅವರೇ ನೋಡಿಕೊಳ್ಳುತ್ತಾರೆ, ಅಲ್ಲಿ ತೊಗರಿ. ಹೋದ ದಸರಾದಲ್ಲಿ ಊರವರು ಎಂದಿನಂತೆ ಕಟ್ಟೆಯ ಗಿಡಕ್ಕೆ ಪೂಜೆ ಮಾಡಿ, ಬನ್ನಿ ಮುಡಿದು, ಸಂಜೆ ಮನೆಮನೆಗೆ ಬಂದರು. ಕಾಕಾ ಮಾತ್ರ ತಮ್ಮ ಮೊಮ್ಮಗನನ್ನು ನಮ್ಮ ಹೊಲಕ್ಕೆ ಕಳಿಸಿ ನಾಲ್ಕು ಎಸಳು ತರಿಸಿದ್ದರು. ಅದನ್ನು ಅಬ್ಬಾನ ಕೈಗೆ ಕೊಟ್ಟು, ಬನ್ನಿ ತಗೊಂಡು ಬಂಗಾರದ ಹಂಗ ಇರೋಣು ಅಂದರು. ಅಬ್ಬಾ ಎರಡು ಕೈಯಲ್ಲಿ ತೆಗೆದುಕೊಂಡರು, ಪ್ರತಿ ವರ್ಷ ತೆಗೆದುಕೊಳ್ಳುವ ಹಾಗೆ. ಕಟ್ಟೆಯ ಗಿಡ ಬೇರೆ ಜಾತಿ, ನಮ್ಮದು ಬೇರೆ ಜಾತಿ ಎಂದು ನಾನು ಕಾಕಾನಿಗೆ ಮುಳ್ಳು ತೋರಿಸಿ ವಿವರಿಸಿದೆ. ಅವರು ತಾಳ್ಮೆಯಿಂದ ಕೇಳಿ, "ಎರಡಕ್ಕೂ ಬನ್ನಿ ಅಂತಾರಲ್ಲ, ಮತ್ತೇನು" ಅಂದರು.

ಬೇರಿನಿಂದ ಮರಿ ಏಳುವುದು ಈ ಮರದ ಗುಣ ಎಂದು ಓದಿದ್ದೆ. ನೇಗಿಲು ಹೊಡೆಯುವ ನೆಲದಲ್ಲಿ ಅದು ಉಳಿಯುವುದಿಲ್ಲ. ಈ ವರ್ಷ ಬದುವಿನ ಪಕ್ಕ ಎರಡು ಮಾರು ಅಗಲ ಉಳುಮೆ ಬಿಡಿಸಿದ್ದೇವೆ. ಜೂನ್ ತಿಂಗಳಲ್ಲಿ ಹೋಗಿ ನೋಡಿದಾಗ ಬೊಡ್ಡೆಯಿಂದ ಹನ್ನೆರಡು ಅಡಿ ದೂರದಲ್ಲಿ ಮೂರು ಮರಿ ಎದ್ದಿದ್ದವು, ಗೇಣುದ್ದ, ಮುಳ್ಳು ಇನ್ನೂ ಮೆತ್ತಗೆ. ಮರುವಾರಕ್ಕೆ ಒಂದನ್ನು ಯಾರದೋ ಆಡು ಮೇಯ್ದಿತ್ತು. ಅಣ್ಣ ಹಳ್ಳದ ದಂಡೆಯಿಂದ ಬಳ್ಳಾರಿ ಜಾಲಿಯ ಕಂಟಿ ಕಡಿದು ತಂದ. ಉಳಿದ ಎರಡರ ಸುತ್ತ ಅದನ್ನೇ ಬೇಲಿ ಹಾಕಿದೆವು. ಬೀಜ ಉದುರದಂತೆ ಕಾಯಿಗಳನ್ನೆಲ್ಲ ಮೊದಲೇ ತೆಗೆದಿದ್ದೇವೆ. ವಿಡಿಯೋ ಮಾಡಿ ಚಾಚಾನಿಗೆ ಕಳಿಸಿದೆ. ಅವರು ಗಾಡಿ ಓಡಿಸುತ್ತಿದ್ದರೇನೋ, ರಾತ್ರಿ ನೋಡಿದರು. ಬೇಲಿಯ ಪಡುವಣ ಮಗ್ಗುಲು ಸಡಿಲವಾಗಿ ಕಾಣುತ್ತಿದೆ, ಇನ್ನೆರಡು ಕಂಟಿ ಒತ್ತಿಸು ಎಂದು ಬರೆದಿದ್ದರು.